ಬಾನಿಯ ಹೊಟ್ಟೆ

"ಐದು ಪುಟ ಸಾಕು ಮೇಡಂ. ಒಳ್ಳೊಳ್ಳೆ ನೆನಪು ಬರೀರಿ. ನಿಮ್ಮ ಹೆಸರು ದಪ್ಪಕ್ಷರದಾಗೆ ಹಾಕ್ತೀವಿ" ಎಂದು ಬಸವರಾಜ ಫೋನಿನಲ್ಲಿ ಹೇಳಿದಾಗ ನನಗೆ ನಗು ಬಂತು. ಬಸವರಾಜ ಚನ್ನಗಿರಿಯ ಕಾಲೇಜಿನಲ್ಲಿ ನನ್ನ ಜೊತೆ ಓದಿದವನು, ಈಗ ಅದೇ ಊರಿನಲ್ಲಿ ಪ್ರೆಸ್ಸು ಇಟ್ಟುಕೊಂಡಿದ್ದಾನೆ. ನಮ್ಮಿಬ್ಬರಿಗೂ ಇತಿಹಾಸ ಹೇಳಿದ ಮೇಷ್ಟ್ರು ತೀರಿಕೊಂಡು ಆಗ ಮೂರು ವಾರವಾಗಿತ್ತು. ಹಳೆಯ ಶಿಷ್ಯರೆಲ್ಲ ಸೇರಿ ಸಂಸ್ಮರಣ ಗ್ರಂಥ ತರುತ್ತಿದ್ದಾರೆ. ಜೊತೆಗೆ ಮೇಷ್ಟ್ರ ಪ್ರಸಿದ್ಧ ಪುಸ್ತಕದ ಮೂರನೆಯ ಮುದ್ರಣವೂ ಬರುತ್ತದಂತೆ. ಆ ಪುಸ್ತಕದಲ್ಲಿ ನನ್ನ ಹೆಸರು ಸಣ್ಣಕ್ಷರದಲ್ಲಾದರೂ ಬರಲಿ ಎಂದು ನಾನು ಇಪ್ಪತ್ತೆಂಟು ವರ್ಷ ಕಾದಿದ್ದೇನೆ. ಈಗ ಅವರು ಹೋದ ಮೇಲೆ ದಪ್ಪಕ್ಷರ ಸಿಗುತ್ತಿದೆ.

ಹೆಸರಿನ ಮಾತು ಬಂದದ್ದರಿಂದ ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಮೇಷ್ಟ್ರ ಹೆಸರನ್ನು ನಾನು ಎಲ್ಲಿಯೂ ಬರೆಯುವುದಿಲ್ಲ. ಮರೆತಿದ್ದಲ್ಲ, ಮುನಿಸಿನಿಂದ ಬಿಟ್ಟಿದ್ದು. ಮೇಷ್ಟ್ರು ಎನ್ನುತ್ತೇನೆ, ಅವರು ಎನ್ನುತ್ತೇನೆ, ಅಷ್ಟು ಗೌರವ ಸಾಕು.

ಅವರು ಹೊನ್ನಾಳಿ ಪೇಟೆಯ ಬಟ್ಟೆ ಅಂಗಡಿ ಮನೆತನದವರು. ಎತ್ತರದ ಆಳು. ಇಸ್ತ್ರಿ ಮುರಿಯದ ಬಿಳಿ ಅರ್ಧತೋಳಿನ ಅಂಗಿ, ಜೇಬಿನಲ್ಲಿ ಸದಾ ಮೂರು ಪೆನ್ನು. ನೀಲಿ ತಮಗೆ, ಕಪ್ಪು ಸರ್ಕಾರಕ್ಕೆ, ಕೆಂಪು ನಮಗೆ. ಹಾಗೆಂದು ಅವರೇ ಮೊದಲ ದಿನ ಹೇಳುತ್ತಿದ್ದರು. ನಮ್ಮ ಉತ್ತರಪತ್ರಿಕೆಗಳು ಅವರ ಕೈಯಿಂದ ವಾಪಸು ಬಂದಾಗ ಎಲೆ ಅಡಿಕೆ ಉಗುಳಿದ ಗೋಡೆಯ ಹಾಗೆ ಕಾಣುತ್ತಿದ್ದವು.

ಬೋರ್ಡಿನ ಮೇಲೆ ಗ್ರೀಸ್ ದೇಶದ ನಕ್ಷೆಯನ್ನು ಪುಸ್ತಕ ನೋಡದೆ ಬರೆಯುತ್ತಿದ್ದರು. ಅದರ ಕೆಳಗಿನ ತುದಿ ಎಮ್ಮೆಯ ಕೆಚ್ಚಲಿನ ಹಾಗೆ ಜೋತಾಡುತ್ತಿತ್ತು. ಹಿಂದಿನ ಬೆಂಚಿನವರು ಕಿಸಕ್ಕೆಂದರೆ ತಿರುಗದೆಯೇ, "ನಗ್ರಿ, ನಗ್ರಿ. ಯೂರೋಪು ಈ ಕೆಚ್ಚಲಿನ ಹಾಲು ಕುಡಿದೇ ದೊಡ್ಡದಾಗಿದ್ದು" ಎನ್ನುತ್ತಿದ್ದರು. ಗ್ರೀಸಿಗೆ ಹೋದವರಲ್ಲ. ದೂರ ಎಂದರೆ ಒಮ್ಮೆ ದೆಹಲಿಗೆ ಹೋಗಿದ್ದರು, ಅಲ್ಲಿಯೂ ಮೂರು ದಿನ ನೆಗಡಿ ಬಂದು ಮಲಗಿದ್ದರಂತೆ. ಆದರೂ ಅಥೆನ್ಸಿನ ಸಂತೆಬೀದಿಯಲ್ಲಿ ಎಡಕ್ಕೆ ತಿರುಗಿದರೆ ಯಾವ ಅಂಗಡಿ, ಬಲಕ್ಕೆ ತಿರುಗಿದರೆ ಯಾವ ಗುಡಿ ಎಂದು ಹೇಳುವಾಗ ನಿನ್ನೆ ಸಂಜೆ ತರಕಾರಿ ತಂದವರ ಹಾಗೆ ಹೇಳುತ್ತಿದ್ದರು. ನಾವು ನಂಬುತ್ತಿದ್ದೆವು.

ಅವರ ಬಾಯಲ್ಲಿ ಒಂದು ಮಾತು ಇತ್ತು: "ಆಕರ ಎಲ್ಲಿ?" ಯಾರು ಏನೇ ಹೇಳಲಿ, ಎಲ್ಲಿಂದ ತೆಗೆದೆ, ಯಾರು ಹೇಳಿದ್ದು, ಯಾವ ಪುಟ ಎಂದು ಕೇಳಬೇಕು. ಕ್ಯಾಂಟೀನಿನ ರುದ್ರಪ್ಪ "ಹಾಲು ಒಡೆದೈತೆ ಸಾ, ಚಾ ಇಲ್ಲ" ಎಂದರೂ "ಆಕರ ಎಲ್ಲಿ?" ಎನ್ನುವರು. ರುದ್ರಪ್ಪ ಒಂದು ದಿನ ಒಡೆದ ಹಾಲಿನ ಪಾತ್ರೆಯನ್ನೇ ತಂದು ಅವರ ಟೇಬಲ್ಲಿನ ಮೇಲೆ ಕುಕ್ಕಿ, "ಇಗಳ್ರಿ ಆಕರ, ಮೂಸಿ ನೋಡ್ರಿ" ಎಂದ. ಮೇಷ್ಟ್ರು ನಿಜಕ್ಕೂ ಬಗ್ಗಿ ಮೂಸಿದರು. "ಒಪ್ಪಿದೆ" ಎಂದರು. ಇಂಥ ಮನುಷ್ಯನನ್ನು ಯಾರು ತಾನೇ ಇಷ್ಟಪಡುವುದಿಲ್ಲ?

ನಾನು ಜಗಳೂರು ತಾಲ್ಲೂಕಿನ ಬಿಳಿಚೋಡಿನವಳು, ಕುಂಬಾರರ ಮನೆಯ ಮಗಳು. ತ್ಯಾವಣಿಗೆಯಲ್ಲಿದ್ದ ಸೋದರತ್ತೆಯ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಚನ್ನಗಿರಿಯ ಕಾಲೇಜಿಗೆ ಹೋಗುತ್ತಿದ್ದೆ. ಒಂದು ಶನಿವಾರ ಮೇಷ್ಟ್ರು ಕರೆದು, "ನಿಮ್ಮ ಊರಿಂದ ಬರುವಾಗ ಒಂದು ಚೀಲ ಮಡಕೆ ಚೂರು ತರ್ತೀಯೇನಮ್ಮ? ನಿಮ್ಮ ಮನೇಲಿ ಅದಕ್ಕೇನು ಬರ ಇಲ್ಲವಲ್ಲ" ಎಂದರು. ನಮ್ಮ ಕಡೆ ಅದಕ್ಕೆ ಬೋಕಿ ಎನ್ನುತ್ತಾರೆ. ಸೋಮವಾರ ಚೀಲ ತುಂಬ ಬೋಕಿ ಹೊತ್ತು ತಂದೆ. ಬಸ್ಸಿನ ಕಂಡಕ್ಟರ್ ಇದಕ್ಕೂ ಲಗೇಜು ಹಾಕಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದ.

ಮೇಷ್ಟ್ರು ಕ್ಲಾಸಿನಲ್ಲಿ ಎಲ್ಲರ ಕೈಗೂ ಒಂದೊಂದು ಬೋಕಿ, ಒಂದೊಂದು ಮೊಳೆ ಕೊಟ್ಟರು. ಅಥೆನ್ಸಿನ ಜನ ತಮಗೆ ಆಗದವನನ್ನು ಊರು ಬಿಡಿಸಬೇಕೆಂದರೆ ಬೋಕಿಯ ಮೇಲೆ ಅವನ ಹೆಸರು ಕೊರೆದು ಹಾಕುತ್ತಿದ್ದರು, ಹೆಚ್ಚು ಬೋಕಿ ಬಿದ್ದವನು ಹತ್ತು ವರ್ಷ ಊರಿಗೆ ಕಾಲಿಡುವಂತಿರಲಿಲ್ಲ. "ನೀವೂ ಬರೀರಿ, ಯಾರ ಹೆಸರಾದರೂ ಸರಿ" ಎಂದರು. ಹೆಚ್ಚಿನವರು ಪ್ರಿನ್ಸಿಪಾಲರ ಹೆಸರು ಕೊರೆದರು. ಏಳು ಜನ ಮೇಷ್ಟ್ರ ಹೆಸರನ್ನೇ ಕೊರೆದರು. ಅವರು ಒಂದೊಂದಾಗಿ ಎತ್ತಿ ಗಟ್ಟಿಯಾಗಿ ಓದಿದರು, ತಮ್ಮ ಹೆಸರು ಬಂದಾಗಲೂ ಬಿಡಲಿಲ್ಲ, ನಗುತ್ತಲೇ ಓದಿದರು. ಕೊನೆಗೆ, "ನೋಡ್ರಿ, ಹೊರಗೆ ಹಾಕಬೇಕಾದರೂ ಹೆಸರು ಬರೀಲೇಬೇಕು. ಬರೆದ ಹೆಸರಿನವನು ಹತ್ತು ವರ್ಷ ಕಳೆದು ವಾಪಸ್ ಬರ್ತಾನೆ, ಅವನ ಮನೆ ಮಠ ಎಲ್ಲ ಹಾಗೇ ಇರುತ್ತೆ. ಗ್ರೀಕರು ಶತ್ರುವಿನ ಹೆಸರನ್ನೂ ಅಳಿಸ್ತಿರಲಿಲ್ಲ" ಎಂದರು. ಇವರೇ ನನ್ನ ಗುರು ಎಂದು ಅವತ್ತೇ ಅಂದುಕೊಂಡೆ. ಅದು ಸುಳ್ಳಲ್ಲ. ಅದನ್ನು ಬರೆಯದೆ ಬಿಟ್ಟರೆ ನಾನೂ ಕಳ್ಳಿಯೇ ಆಗುತ್ತೇನೆ.

ಅವರ ಕೋಣೆಯಲ್ಲಿ ಒಂದು ಕಬ್ಬಿಣದ ಟ್ರಂಕು ಇತ್ತು. ದಾವಣಗೆರೆಯ ರದ್ದಿ ಅಂಗಡಿಗಳಲ್ಲಿ ಹುಡುಕಿ ತಂದ ಹಳೆಯ ಚಿತ್ರಕಲೆಯ ಪತ್ರಿಕೆಗಳು ಅದರ ತುಂಬ. ಒಂದು ಮಧ್ಯಾಹ್ನ ಎರಡು ಪುಟ ತೆರೆದು ಪಕ್ಕಪಕ್ಕ ಇಟ್ಟರು. ಒಂದರಲ್ಲಿ ಗ್ರೀಕರ ದೊಡ್ಡ ಮಡಕೆ, ಅದರ ಮೈ ಸುತ್ತ ಓಡುವ ಕುದುರೆಗಳು. ಇನ್ನೊಂದರಲ್ಲಿ ಈ ಕಾಲದ ಒಬ್ಬ ಚಿತ್ರಗಾರ ಬರೆದ ಹೆಂಗಸಿನ ಮುಖ. ಕಣ್ಣೆರಡೂ ಒಂದೇ ಕಡೆ, ಮೂಗು ಪಕ್ಕಕ್ಕೆ, ಬಾಯಿ ಎದುರಿಗೆ. ಉಳಿದವರು, "ಸಾ, ಇದನ್ನ ಯಾರೋ ಕುಡಿದು ಬರೆದಾರೆ" ಎಂದರು. ನಾನು ಸುಮ್ಮನಿರಲಾರದೆ ಹೇಳಿದೆ:

"ಸರ್, ಇದು ಮಡಕಿ ತಿರುಗಿಸಿ ನೋಡಿದಂಗೈತೆ. ನಮ್ಮಪ್ಪ ಮಡಕಿ ಮಾರಾಕೆ ಕುಂತಾಗ ಗಿರಾಕಿಗೆ ಸುತ್ತ ತಿರುಗಿಸಿ ತೋರಸ್ತಾನೆ. ಮಡಕಿ ಮ್ಯಾಲಿನ ಚಿತ್ರ ಒಂದೇ ಸಲ ಪೂರ್ತಿ ಕಾಣಾದೇ ಇಲ್ಲ, ನಾವು ಸುತ್ತಬೇಕು, ಇಲ್ಲ ಅದನ್ನ ಸುತ್ತಿಸಬೇಕು. ಈ ಚಿತ್ರಗಾರ ನಾವು ಸುತ್ತಾದು ಬ್ಯಾಡ ಅಂತ ತಾನೇ ಸುತ್ತಿ ಬಂದು ಎಲ್ಲಾ ಕಡಿದೂ ಒಂದೇ ಕಡಿಗೆ ಬರೆದಾನೆ."

ಮೇಷ್ಟ್ರು ಕೈಯಲ್ಲಿದ್ದ ಸೀಮೆಸುಣ್ಣವನ್ನು ಎರಡು ತುಂಡು ಮಾಡಿದರು, ಆಮೇಲೆ ನಾಲ್ಕು ಮಾಡಿದರು. "ಇದನ್ನು ಬರಿ" ಎಂದರು. ಅವತ್ತು ಆಕರ ಎಲ್ಲಿ ಎಂದು ಕೇಳಲಿಲ್ಲ. ಈಗ ಯೋಚಿಸಿದರೆ, ಕೇಳದೇ ಹೋದದ್ದು ಅದೊಂದೇ ಸಲ.

ಬರೆದೆ. ಎರಡು ಬೇಸಿಗೆ ರಜೆ, ನಡುವಿನ ಭಾನುವಾರಗಳು, ಅತ್ತೆಯ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಕೂತು ಬರೆದೆ. ಮೇಷ್ಟ್ರು ಪತ್ರಿಕೆಗಳನ್ನೂ ಇಂಗ್ಲಿಷ್ ಪುಸ್ತಕಗಳನ್ನೂ ಕೊಡುತ್ತಿದ್ದರು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ಬಿಡಿಸುತ್ತಿದ್ದೆ. ಅವರದು ಒಂದೇ ಷರತ್ತು. "ಗ್ರೀಕ್ ಹೆಸರುಗಳನ್ನು ತುರುಕಬೇಡ. ಕನ್ನಡದಲ್ಲಿ ಬರಿ. ನಿನಗೆ ಗೊತ್ತಿರೋ ಮಾತಿನಲ್ಲಿ ಬರಿ" ಎಂದಿದ್ದರು. ಹಾಗಾಗಿ ಗ್ರೀಕರ ಒಂದೊಂದು ಪಾತ್ರೆಗೂ ನಮ್ಮ ಮನೆಯ ಹೆಸರಿಟ್ಟೆ. ನೀರು ಹೊರುವುದು ಕೊಡ. ಎಣ್ಣೆ ತುಂಬುವುದು ಕುಡಿಕೆ. ಕಾಳು ಇಡುವುದು ಹರವಿ. ಗ್ರೀಕರು ಔತಣದಲ್ಲಿ ದ್ರಾಕ್ಷಾರಸಕ್ಕೆ ನೀರು ಬೆರೆಸಲು ನಡುಮನೆಯಲ್ಲಿ ಒಂದು ಅಗಲ ಬಾಯಿಯ ದೊಡ್ಡ ಪಾತ್ರೆ ಇಡುತ್ತಿದ್ದರು. ಅದಕ್ಕೆ ನಾನು ಬಾನಿ ಎಂದು ಬರೆದೆ. ನಮ್ಮಲ್ಲಿ ಬಾನಿ ಎಂದರೆ ದನಕ್ಕೆ ಮುಸುರೆ, ಕಲಗಚ್ಚು ಕಲಸಿಡುವ ದೊಡ್ಡ ಮಣ್ಣಿನ ಪಾತ್ರೆ. ಅಲ್ಲಿಯೂ ಕಲಸುವುದು, ಇಲ್ಲಿಯೂ ಕಲಸುವುದು. ಅಪ್ಪನಿಗೆ ಓದಿ ಹೇಳಿದರೆ ಬಿದ್ದು ಬಿದ್ದು ನಕ್ಕಿದ್ದ.

ಗ್ರೀಕರ ಕುಂಬಾರರು ಮಡಕೆಯ ಮೇಲೆ 'ನನ್ನನ್ನು ಇಂಥವನು ಮಾಡಿದ' ಎಂದು ತಮ್ಮ ಹೆಸರು ಬರೆಯುತ್ತಿದ್ದರು ಎಂಬುದನ್ನೂ ಅಪ್ಪನಿಗೆ ಹೇಳಿದೆ. ಅಪ್ಪ ತಿಗರಿಯ ಚಕ್ರ ನಿಲ್ಲಿಸಿ, "ಮಡಕಿ ಮ್ಯಾಲೆ ಹೆಸರು ಯಾಕವ್ವಾ? ನೀರು ತಣ್ಣಗಿದ್ರೆ ಸಾಕು" ಎಂದ. ಅಪ್ಪನ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ನೋಟ್‌ಬುಕ್ಕಿನ ಮೇಲೆ ಚೀಟಿ ಅಂಟಿಸಿ ನನ್ನ ಹೆಸರು, ಅಪ್ಪನ ಹೆಸರು, ಊರು ಮೂರನ್ನೂ ಬರೆದೆ.

ನೂರಾ ಎಂಬತ್ತು ಪುಟ. ಮೇಷ್ಟ್ರು ನಿಂತಲ್ಲೇ ಹತ್ತು ಪುಟ ಓದಿದರು. "ಚೆನ್ನಾಗಿದೆ. ತಿದ್ದಿ ಕೊಡ್ತೀನಿ. ಇದು ಒಂದೇ ಪ್ರತಿನಾ?"

"ಹೂಂ ಸರ್, ಒಂದೇ."

"ಹಾಗಾದರೆ ನನ್ನ ಹತ್ರಾನೇ ಇರಲಿ. ಜೋಪಾನವಾಗಿರುತ್ತೆ."

ಜೋಪಾನವಾಗಿಯೇ ಇತ್ತು. ಮೂರು ಸಲ ಕೇಳಿದೆ. ಮೊದಲ ಸಲ "ಅವಸರ ಮಾಡಬಾರದಮ್ಮ" ಎಂದರು, ಎರಡನೆಯ ಸಲ "ಟ್ರಂಕಿನಲ್ಲಿ ಎಲ್ಲೋ ಸೇರಿದೆ" ಎಂದರು, ಮೂರನೆಯ ಸಲ "ಯಾವ ನೋಟ್‌ಬುಕ್ಕು?" ಎಂದರು. ಅಷ್ಟು ಹೊತ್ತಿಗೆ ನನ್ನ ಓದು ಮುಗಿದಿತ್ತು, ನ್ಯಾಮತಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಕೆಲಸಕ್ಕೆ ಬೇಕಾದ ನಡತೆ ಪತ್ರಕ್ಕೆ ಸಹಿ ಹಾಕಿದ್ದು ಅವರೇ. ಅಪ್ಪ, "ಗುರುಗಳ ಮ್ಯಾಲೆ ಬಾಯಿ ಮಾಡಬಾರದು" ಎಂದು ತಡೆದ. ಸುಮ್ಮನಾದೆ.

ಆಮೇಲೆ ಮೂರು ವರ್ಷಕ್ಕೆ ಬಸವರಾಜ ಆಮಂತ್ರಣ ಹಿಡಿದು ಬಂದ. "ಸಾರ್ ಪುಸ್ತಕ ಬಂದೈತೆ, ಗ್ರೀಕ್ ಮಡಕಿಯಿಂದ ಹಿಡಿದು ಇವತ್ತಿನ ಚಿತ್ರಕಲೆತನಕ. ಚನ್ನಗಿರಿಯಾಗೆ ಬಿಡುಗಡೆ. ನೀ ಬರಲೇಬೇಕು." ಹೋದೆ. ಬಾಗಿಲಲ್ಲೇ ಒಂದು ಪ್ರತಿ ಕೊಂಡು ಹಿಂದಿನ ಸಾಲಿನಲ್ಲಿ ಕೂತು ಮುನ್ನುಡಿ ತೆರೆದೆ. ಪ್ರಿನ್ಸಿಪಾಲರಿಗೆ ವಂದನೆ, ಗ್ರಂಥಪಾಲಕರಿಗೆ ವಂದನೆ, ಅಕ್ಷರ ಜೋಡಿಸಿದವರಿಗೆ ವಂದನೆ, ಹೊತ್ತು ಹೊತ್ತಿಗೆ ಚಹಾ ಕೊಟ್ಟ ಧರ್ಮಪತ್ನಿಗೆ ವಂದನೆ. ಎಲ್ಲರಿಗೂ ಹೆಸರಿತ್ತು. ಕಟ್ಟಕಡೆಗೆ ಒಂದು ಸಾಲು: 'ಶುದ್ಧಪ್ರತಿ ಮಾಡಿಕೊಟ್ಟ ವಿದ್ಯಾರ್ಥಿನಿಯೊಬ್ಬಳನ್ನೂ ನೆನೆಯುತ್ತೇನೆ.'

ವಿದ್ಯಾರ್ಥಿನಿಯೊಬ್ಬಳು! ಪುಟ ತಿರುಗಿಸಿದೆ. ನನ್ನ ಸಾಲು, ನನ್ನ ಸಾಲು, ನನ್ನ ಸಾಲು. ಅಪ್ಪ ಗಿರಾಕಿಗೆ ಮಡಕೆ ತಿರುಗಿಸುವುದು ಅವರು ಕಂಡ ಯಾವನೋ ಕುಂಬಾರನ ಕಥೆಯಾಗಿತ್ತು. ಕುಂಬಾರರು ತಮ್ಮ ಹೆಸರು ಬರೆಯುತ್ತಿದ್ದರು ಎಂಬ ಸಾಲನ್ನೂ ಬಿಟ್ಟಿರಲಿಲ್ಲ. ಅದನ್ನು ಕದಿಯುವಾಗ ಕೈ ನಡುಗಲಿಲ್ಲವೇ ಎಂದು ಈಗಲೂ ಕೇಳಬೇಕೆನಿಸುತ್ತದೆ. ನನ್ನ ಕಣ್ಣು ಉರಿಯುತ್ತಿತ್ತು, ಆದರೂ ಓದಿದೆ. ನಾಲ್ಕನೆಯ ಅಧ್ಯಾಯಕ್ಕೆ ಬಂದಾಗ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ನಾನು ಬರೆದದ್ದು ಹೀಗಿತ್ತು: 'ಗ್ರೀಕರು ದ್ರಾಕ್ಷಾರಸವನ್ನೂ ನೀರನ್ನೂ ಬಾನಿಗೆ ಹೊಯ್ದು ಕಲಸುತ್ತಿದ್ದರು. ಬಾನಿಯ ಹೊಟ್ಟೆಯ ಮೇಲೆ ಕುದುರೆಗಳು ಓಡುತ್ತವೆ, ಎಷ್ಟು ಸುತ್ತಿದರೂ ಓಟ ಮುಗಿಯುವುದಿಲ್ಲ.' ಹೊನ್ನಾಳಿ ಪೇಟೆಯ ಬಟ್ಟೆ ಅಂಗಡಿಯ ಮನೆಯಲ್ಲಿ ಹಿತ್ತಾಳೆ ಹಂಡೆ ಇತ್ತು, ಸಿಮೆಂಟಿನ ತೊಟ್ಟಿ ಇತ್ತು, ಬಾನಿ ಇರಲಿಲ್ಲ. ಮೇಷ್ಟ್ರಿಗೆ ಗೊತ್ತಿದ್ದದ್ದು ಬಾನು, ಅಂದರೆ ಆಕಾಶ. 'ಬಾನಿಗೆ ಹೊಯ್ದು' ಎನ್ನುವುದು ಎರಡಕ್ಕೂ ಹೊಂದುತ್ತದೆ. ಗ್ರೀಕರು ಆಕಾಶಕ್ಕೆ ದ್ರಾಕ್ಷಾರಸ ಹೊಯ್ಯುತ್ತಿದ್ದರು ಎಂದು ಅರ್ಥ ಮಾಡಿಕೊಂಡರು. ಆಕಾಶಕ್ಕೆ ಹೊಯ್ದ ಮೇಲೆ ಕಲಸುವುದು ಹೇಗೆ? ಅದಕ್ಕೆ 'ಕಲಸುತ್ತಿದ್ದರು' ತೆಗೆದು 'ಅರ್ಪಿಸುತ್ತಿದ್ದರು' ಎಂದು ಹಾಕಿದರು. 'ಬಾನಿಯ' ಎಂದಿದ್ದಲ್ಲೆಲ್ಲ ಹಳ್ಳಿ ಹುಡುಗಿಯ ಕಾಗುಣಿತ ತಪ್ಪಿದೆ ಎಂದು 'ಬಾನಿನ' ಮಾಡಿದರು. ಕದ್ದವರಿಗೆ ಅವಸರ ಹೆಚ್ಚು. ಬಾನಿಯ ಹೊಟ್ಟೆ ಬಾನಿನ ಹೊಟ್ಟೆಯಾಯಿತು. ಅಷ್ಟಕ್ಕೇ ಬಿಟ್ಟರೆ? ಗ್ರೀಕರ ಮನಸ್ಸಿನಲ್ಲಿ ಆಕಾಶಕ್ಕೆ ಹೊಟ್ಟೆಯಿತ್ತು, ಆ ಗರ್ಭದ ಶೂನ್ಯವನ್ನೇ ಆಧುನಿಕ ಚಿತ್ರಗಾರರು ಹುಡುಕುತ್ತಿದ್ದಾರೆ ಎಂದು ಹನ್ನೆರಡು ಪುಟ ತಾವಾಗಿ ಬೆಳೆಸಿದ್ದರು. ಇಡೀ ಪುಸ್ತಕದಲ್ಲಿ ಅವರ ಸ್ವಂತದ್ದು ಎಂದರೆ ಆ ಹನ್ನೆರಡು ಪುಟ.

ವೇದಿಕೆಯ ಮೇಲೆ ದೊಡ್ಡ ಊರಿನಿಂದ ಬಂದಿದ್ದ ವಿಮರ್ಶಕರೊಬ್ಬರು ಮಾತಾಡುತ್ತಿದ್ದರು. "ಈ ಕೃತಿಯ ಕಿರೀಟ ಬಾನಿನ ಹೊಟ್ಟೆ ಎಂಬ ಪರಿಕಲ್ಪನೆ. ಇಂಥ ಹೊಳಹು ಕನ್ನಡದಲ್ಲಿ ಇದೇ ಮೊದಲು" ಎಂದರು. ಮೊದಲೇ ಹೌದು, ಕಡೆಯೂ ಅದೇ. ಚಪ್ಪಾಳೆ ಬಿತ್ತು. ಬಾನಿ ಗೊತ್ತಿದ್ದವರು ಆ ಪುಸ್ತಕ ಓದುವವರಲ್ಲ, ಓದುವವರಿಗೆ ಬಾನಿ ಗೊತ್ತಿರಲಿಲ್ಲ.

ನಾನು ಎದ್ದು ನಿಂತೆ. "ಸರ್, ಬಾನಿನ ಹೊಟ್ಟೆಗೆ ಆಕರ ಎಲ್ಲಿ?"

ಸಭೆ ಗೊಳ್ಳೆಂದು ನಕ್ಕಿತು, ಶಿಷ್ಯೆ ಗುರುವಿನ ಮಾತನ್ನು ಗುರುವಿಗೇ ತಿರುಗಿಸಿದಳು ಎಂದು. ಮೇಷ್ಟ್ರೂ ನಕ್ಕರು. ಆದರೆ ನನ್ನನ್ನು ನೋಡಿದ ಕಣ್ಣು ನಗುತ್ತಿರಲಿಲ್ಲ. "ಕೂತ್ಕೊಳಮ್ಮ. ಆಕರ ಆಮೇಲೆ ಮಾತಾಡೋಣ" ಎಂದರು. ಆ ಆಮೇಲೆ ಬರಲೇ ಇಲ್ಲ. ನಾನು ಕೂಗಿ ಹೇಳಬಹುದಿತ್ತು. ಹೇಳಿದರೆ ಯಾರು ನಂಬುತ್ತಿದ್ದರು? ನೋಟ್‌ಬುಕ್ಕು ಅವರ ಟ್ರಂಕಿನಲ್ಲಿತ್ತು, ನನ್ನ ಹತ್ತಿರ ಇದ್ದದ್ದು ಬಾಯಿ ಮಾತ್ರ.

ಅದಾಗಿ ತಿಂಗಳೊಪ್ಪತ್ತಿಗೆ ಊರಿಗೆ ಹೋದಾಗ ಅಪ್ಪ ಸಂಭ್ರಮದಿಂದ ಹೇಳಿದ. "ನಿಮ್ಮ ಮೇಷ್ಟ್ರು ಬಂದಿದ್ರವ್ವಾ! ಜೀಪ್ ಮಾಡ್ಕಂಡು ಬಂದಿದ್ರು. ಬಾನಿ ಅಂದ್ರೆ ಯಾವುದಪ್ಪಾ ಅಂತ ಕೇಳಿದ್ರು. ತೋರಿಸಿದೆ. ಅದರ ಮುಂದೆ ನೆಲದ ಮ್ಯಾಲೇ ಕುಂತುಬಿಟ್ರು, ಬಿಳೀ ಪ್ಯಾಂಟಿನಾಗೆ. ಸುತ್ತ ಕೈ ಆಡಿಸಿ ನೋಡಿದ್ರು. ಒಂದು ತಗಂಡು ಹೋದ್ರು."

ಈ ಸುದ್ದಿ ಕೇಳಿ ನನ್ನ ಸಿಟ್ಟು ಅರ್ಧ ಇಳಿಯಿತು ಎಂದರೆ ನಂಬುತ್ತೀರಾ? ಇಳಿಯಿತು. ತಿಳಿದವರು, ತಪ್ಪು ಗೊತ್ತಾಗಿದೆ, ಮುಂದಿನ ಮುದ್ರಣದಲ್ಲಿ ತಿದ್ದುತ್ತಾರೆ, ತಿದ್ದುವಾಗ ಯಾರು ಹೇಳಿದ್ದು ಎಂದು ಬರೆಯಲೇಬೇಕಾಗುತ್ತದೆ, ಆಗ ನನ್ನ ಹೆಸರು ಬಂದೇ ಬರುತ್ತದೆ ಎಂದು ಲೆಕ್ಕ ಹಾಕಿದೆ. ಎರಡನೆಯ ಮುದ್ರಣ ಬರಲು ಆರು ವರ್ಷ ಹಿಡಿಯಿತು. ಬಂದ ದಿನವೇ ಚನ್ನಗಿರಿಗೆ ಹೋಗಿ ತಂದೆ. 'ಬಾನಿನ ಹೊಟ್ಟೆ' ಹನ್ನೆರಡು ಪುಟ ಇದ್ದದ್ದು ಇಪ್ಪತ್ತು ಪುಟವಾಗಿತ್ತು. ಮುನ್ನುಡಿಯಲ್ಲಿ ಶುದ್ಧಪ್ರತಿ ಮಾಡಿದ ವಿದ್ಯಾರ್ಥಿನಿಯ ಸಾಲೂ ಹೋಗಿತ್ತು.

ತಿಳಿಯದೆ ಮಾಡಿದ ತಪ್ಪನ್ನು ನಾನು ಮರೆಯುತ್ತಿದ್ದೆನೋ ಏನೋ. ಬಿಳಿಚೋಡಿನ ನೆಲದಲ್ಲಿ ಕೂತು, ಬಾನಿಯ ಮೈ ಸವರಿ, ತಿಳಿದು ಎದ್ದುಹೋದ ಮನುಷ್ಯ ಹೀಗೆ ಮಾಡಿದ್ದನ್ನು ಮರೆಯಲಿಲ್ಲ. ನನ್ನ ಸೇಡು ದೊಡ್ಡದೇನಲ್ಲ, ಹೈಸ್ಕೂಲು ಮೇಡಮ್ಮಿನ ಸೇಡು. ಮೇಷ್ಟ್ರು ತಮ್ಮ ಮಗಳ ಮದುವೆಗೆ ಕರೆಯೋಲೆ ಕಳಿಸಿದ್ದರು. ಅದರಲ್ಲಿದ್ದ ಎರಡು ಕಾಗುಣಿತದ ತಪ್ಪಿಗೆ ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿ ವಾಪಸು ಕಳಿಸಿದೆ. ಅವರಿಗೆ ಪ್ರಶಸ್ತಿ ಬಂದಾಗ ಊರೆಲ್ಲ ಅಭಿನಂದಿಸಿತು, ನಾನು ನಮ್ಮ ಶಾಲೆಯ ಹಿಂದೆ ಅಪ್ಪನ ಕೈಯ ಒಂದು ಬಾನಿ ತಂದು ಇರಿಸಿದೆ. ಪ್ರತಿ ವರ್ಷ ಎಂಟನೆಯ ಕ್ಲಾಸಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಮೇಲೆ ಕಾಣುವುದು ಬಾನು, ಕೆಳಗೆ ಕಾಣುವುದು ಬಾನಿ ಎಂದು ಹೇಳಿಕೊಡುತ್ತೇನೆ. ನ್ಯಾಮತಿಯಲ್ಲಿ ನನ್ನ ಕೈಯಲ್ಲಿ ಕಲಿತ ಯಾವ ದಡ್ಡ ಹುಡುಗನೂ ಇದರಲ್ಲಿ ತಪ್ಪುವುದಿಲ್ಲ.

ಮೇಷ್ಟ್ರು ನಿವೃತ್ತರಾಗಿ ಹೊನ್ನಾಳಿಯಲ್ಲೇ ನೆಲೆಸಿದರು. ನ್ಯಾಮತಿಗೂ ಹೊನ್ನಾಳಿಗೂ ದೂರವೆಷ್ಟು? ಒಂದು ನಿದ್ದೆ ಹತ್ತುವಷ್ಟೂ ಇಲ್ಲ. ಒಂದು ದಿನವೂ ಹೋಗಲಿಲ್ಲ. ಸತ್ತ ಮೇಲೆ ಶಿವಗಣಾರಾಧನೆಗೆ ಹೋದೆ. ನಿಜ ಹೇಳುತ್ತೇನೆ, ದುಃಖಕ್ಕೆ ಹೋದದ್ದಲ್ಲ. ಹೂವಿನ ಹಾರ ಹಾಕಿದ ಫೋಟೋವನ್ನು ಕಣ್ಣಾರೆ ನೋಡಬೇಕಿತ್ತು. ನೋಡಿದೆ. ಫೋಟೋದಲ್ಲಿಯೂ ಜೇಬಿನಲ್ಲಿ ಮೂರು ಪೆನ್ನು ಇದ್ದವು.

ಊಟಕ್ಕೆ ಕೂರದೆ ಹೊರಟವಳನ್ನು ಮೇಷ್ಟ್ರ ಹೆಂಡತಿ ತಡೆದರು. ಆ ಅಮ್ಮನದು ಕೆರೆಬಿಳಚಿ ತವರು, ಹಳ್ಳಿಯ ಹೆಂಗಸು. "ನೀ ಬಿಳಿಚೋಡಿನಾಕಿ ಅಲ್ಲೇನವ್ವಾ? ಬಾ ಇಲ್ಲಿ" ಎಂದು ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಅಪ್ಪನ ಬಾನಿ ಇತ್ತು. ಗುರುತು ಹಿಡಿಯಲು ನನಗೆ ಹೆಸರು ಬೇಕಿರಲಿಲ್ಲ, ಕಂಠದ ಕೆಳಗೆ ಅಪ್ಪನ ಹೆಬ್ಬೆರಳು ಎಳೆದ ಗೆರೆ ಸಾಕಾಗಿತ್ತು. ಅಪ್ಪ ಹೋಗಿ ಒಂಬತ್ತು ವರ್ಷವಾಗಿದೆ.

"ದನ ಇಲ್ಲ ಕರ ಇಲ್ಲ, ಪ್ಯಾಟಿ ಮನಿಗೆ ಬಾನಿ ಯಾಕ್ರೀ ಅಂದೆ. ಇರಲಿ ಅಂದ್ರು" ಎಂದು ಅಮ್ಮ ಶುರು ಮಾಡಿದರು. "ದಿನಾ ಬೆಳಿಗ್ಗೆ ಚಾ ತಗಂಡು ಬಂದು ಇದರ ಮುಂದೆ ಕುಂದ್ರೋರು. ನಾನು ಮೊದಲ ಸಲ ಪುಸ್ತಕ ಬಂದಾಗಲೇ ನೀ ಬರೆದಿದ್ದು ನೋಡಿ ಹೇಳಿದ್ದೆ ಕಣವ್ವಾ. ರೀ, ಬಾನಿ ಅಂದ್ರೆ ಆಕಾಶ ಅಲ್ಲ, ನಮ್ಮ ತವರುಮನಿಯಾಗೆ ಎಮ್ಮಿ ಮುಸುರಿ ಕುಡಿಯಾದು ಅಂತ. ಈಗ ಎಲ್ಲಾರೂ ಆಕಾಶ ಅಂತ ಒಪ್ಕಂಡಾರೆ, ನೀ ಸುಮ್ನಿರು ಅಂದ್ರು. ನಾ ಸುಮ್ನಾದೆ. ಇದು ನಿಂದು. ಅವರಿರೋತನಕ ಕೊಡಾಕೆ ಧೈರ್ಯ ಬರಲಿಲ್ಲ."

ಸೆರಗಿನ ಒಳಗಿನಿಂದ ನನ್ನ ನೋಟ್‌ಬುಕ್ಕು ತೆಗೆದು ಕೊಟ್ಟರು.

ಬಸ್ಸಿನಲ್ಲಿ ಕೂತು ತೆರೆದೆ. ಹೊರಗೆ ಅಂಟಿಸಿದ್ದ ಚೀಟಿ ಇರಲಿಲ್ಲ, ಬ್ಲೇಡಿನಿಂದ ಚೌಕಾಕಾರವಾಗಿ, ನೀಟಾಗಿ ಕೆತ್ತಿ ತೆಗೆದಿದ್ದರು. ಒಳಗೆ ಕೆಂಪು ಪೆನ್ನು ಓಡಾಡಿತ್ತು. 'ಬಾನಿಯ' ಎಂಬುದನ್ನು ಹೊಡೆದು 'ಬಾನಿನ', ಮತ್ತೆ ಹೊಡೆದು 'ಬಾನಿನ'. ಎಣಿಸಿದೆ, ಅರವತ್ತನಾಲ್ಕು ಕಡೆ. ಮೊದಲನೆಯದರ ಪಕ್ಕದ ಅಂಚಿನಲ್ಲಿ 'ಕಾಗುಣಿತ ನೋಡಿಕೊಳ್ಳಬೇಕು' ಎಂದು ನನಗೆ ಬುದ್ಧಿ ಹೇಳಿದ್ದರು. ಕೊನೆಯ ಪುಟದಲ್ಲಿ ನನ್ನ ಕಡೆಯ ಸಾಲಿನ ಕೆಳಗೆ ಎರಡೇ ಎರಡು ಪದ, ಮುಪ್ಪಿನ ಕೈ ನಡುಗಿ ಬರೆದದ್ದು, ನೀಲಿ ಪೆನ್ನಿನಲ್ಲಿ, ತಮಗೆ ಎಂದು ಇಟ್ಟುಕೊಂಡ ಪೆನ್ನಿನಲ್ಲಿ:

'ಆಕರ: ಬಿಳಿಚೋಡು.'

ಇದನ್ನು ಕೇಳಿದವರು, "ಪಾಪ, ಕೊನೆಗೆ ಒಪ್ಪಿಕೊಂಡಿದ್ದಾರಲ್ಲ" ಎಂದರು. ಯಾರ ಮುಂದೆ ಒಪ್ಪಿಕೊಂಡರು? ಕದ್ದ ನೋಟ್‌ಬುಕ್ಕಿನ ಮುಂದೆ, ಟ್ರಂಕಿನ ಒಳಗೆ. ಚಪ್ಪಾಳೆ ಊರ ಮುಂದೆ, ತಪ್ಪೊಪ್ಪಿಗೆ ಟ್ರಂಕಿನಲ್ಲಿ. ದಿನಾ ಬೆಳಿಗ್ಗೆ ಬಾನಿಯ ಮುಂದೆ ಕೂತಿದ್ದರಂತೆ. ಕೂರಲಿ. ಅವರು ಕೂತದ್ದರಿಂದ ನನಗೆ ಏನು ಬಂತು? ಬರೆಯಲು ಕುಳಿತಾಗಲೂ ಊರಿನ ಹೆಸರು ಬರೆದರು. ಬಿಳಿಚೋಡಿನಲ್ಲಿ ಸಾವಿರ ಜನ ಇದ್ದಾರೆ, ಅವರಲ್ಲಿ ಯಾರು? ಎರಡು ಅಕ್ಷರದ ನನ್ನ ಹೆಸರು ಬರೆಯಲು ನೀಲಿ ಶಾಯಿ ಸಾಲಲಿಲ್ಲವೇ?

ನಿನ್ನೆ ಬಸವರಾಜನಿಗೆ ಈ ಬರಹವನ್ನು ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ.

"ಮೇಡಂ, ಇದು ಸಂಸ್ಮರಣ ಗ್ರಂಥ ರೀ. ಹಿಂಗೆಲ್ಲ ಹಾಕಾಕೆ ಬರಲ್ಲ. ಅಷ್ಟು ದೊಡ್ಡ ಮಾತಿಗೆ ಆಕರ ಎಲ್ಲೈತೆ?"

ಅವನೂ ಅವರ ಶಿಷ್ಯನೇ ಅಲ್ಲವೇ!

"ನನ್ನ ಕೈಯಾಗೈತೆ ಬಸವರಾಜ. ನಾಳೆ ಬೆಳಿಗ್ಗೆ ತಂದು ನಿನ್ನ ಟೇಬಲ್ ಮ್ಯಾಲೆ ಇಡ್ತೀನಿ, ಮೂಸಿ ನೋಡು. ಮೂರನೇ ಮುದ್ರಣದಾಗೆ ಅರವತ್ತನಾಲ್ಕು ಕಡಿ ಬಾನಿನ ತೆಗೆದು ಬಾನಿಯ ಹಾಕು. ಹೊದಿಕಿ ಮ್ಯಾಲೆ ಬರೆದೋಳ ಹೆಸರು ಹಾಕು."

"ಹಂಗೆ ಮಾಡಿದ್ರೆ ಆಕಾಶದ ಅಧ್ಯಾಯನೇ ಬಿದ್ದೋಗ್ತೈತಲ್ರೀ."

"ಬೀಳಲಿ. ಕೆಳಗೆ ಬಾನಿ ಐತೆ, ಅದರಾಗೆ ಬೀಳ್ತೈತೆ."

ಅವನು ನಕ್ಕ, ನಕ್ಕಿದ್ದಕ್ಕೆ ತಾನೇ ನಾಚಿಕೊಂಡ. ಆಮೇಲೆ ಮೆಲ್ಲಗೆ, "ನೋಟ್‌ಬುಕ್ ತಗಂಡು ಬರ್ರಿ, ನೋಡಾಣ. ಆದ್ರೆ ನೀವು ಬರೆದಿದ್ರಾಗೆ ಎಲ್ಲೂ ಸಾರ್ ಹೆಸರೇ ಇಲ್ವಲ್ಲ. ಕೊನಿಗಾದ್ರೂ ಒಂದು ಕಡಿ ಬರೀರಿ ಮೇಡಂ. ಓದಿದೋರಿಗೆ ಯಾರ ಬಗ್ಗೆ ಅಂತ ಗೊತ್ತಾಗಬೇಕಲ್ಲ" ಎಂದ.

ನನ್ನ ಮೇಜಿನ ಮೇಲೆ ಆ ಕಾಲದ ಒಂದು ಬೋಕಿ ಇದೆ, ಖಾಲಿ ಬೋಕಿ. ಹೆಸರು ಕೊರೆಯೋಣ ಎಂದು ಮೊಳೆಯನ್ನೂ ಎತ್ತಿಕೊಂಡಿದ್ದೆ. ಆಗ ಅವರದೇ ಪಾಠ ನೆನಪಾಯಿತು, ಹೆಸರು ಬರೆಸಿಕೊಂಡು ಹೋದವನು ಹತ್ತು ವರ್ಷ ಕಳೆದು ಊರಿಗೆ ವಾಪಸು ಬರುತ್ತಾನೆ. ಮೊಳೆ ಕೆಳಗಿಟ್ಟೆ. ಆದರೂ ಬಸವರಾಜ ಇಷ್ಟು ಕೇಳಿಕೊಂಡ ಮೇಲೆ ಪೂರ್ತಿ ಇಲ್ಲ ಎನ್ನಲು ಮನಸ್ಸಾಗಲಿಲ್ಲ. ಅವರು ನನಗೆ ಬರೆದಷ್ಟನ್ನು ನಾನೂ ಅವರಿಗೆ ಬರೆಯುತ್ತಿದ್ದೇನೆ, ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ.

ಆಕರ: ಹೊನ್ನಾಳಿ.